ಬೆಳಗಿನ ಮಾತ್ರೆಯ ಹಿಂದಿನ ಕಥೆ



ಈ ಸಲದ ಇ-ಸಂಚಿಕೆಗೆ "ಇತಿಹಾಸದ ಬಗ್ಗೆ ಏನಾದರೂ ಬರೆದುಕೊಡಮ್ಮ" ಎಂದು ನಮ್ಮ ಮಹಿಳಾ ವೇದಿಕೆಯ ಸಂಚಾಲಕಿಯವರು ಕೇಳಿದಾಗ ನಾನು ಹಿಂಜರಿದೆ. ನಾನು ಓದಿದ್ದು ಎಂ.ಟೆಕ್., ಮಾಡುತ್ತಿರುವುದು ಐಟಿ ಕೆಲಸ. ರಾಜರು, ಶಾಸನಗಳು, ದೇವಸ್ಥಾನಗಳ ಬಗ್ಗೆ ಬರೆಯಬಲ್ಲವರು ನಮ್ಮ ಸಂಘದಲ್ಲೇ ಬೇಕಾದಷ್ಟು ಜನ ಇದ್ದಾರೆ. "ಹಾಗಾದರೆ ನಿನಗೆ ಗೊತ್ತಿರುವ ಯಾವುದಾದರೂ ವಸ್ತುವಿನ ಇತಿಹಾಸ ಬರಿ" ಎಂದರು. ಆಗ ನೆನಪಾದದ್ದು ನನ್ನ ದಿಂಬಿನ ಪಕ್ಕದಲ್ಲಿರುವ ಪುಟ್ಟ ಬಿಳಿ ಮಾತ್ರೆ.

ಬೆಳಿಗ್ಗೆ ಎದ್ದ ಕೂಡಲೇ ಬರಿ ಹೊಟ್ಟೆಯಲ್ಲಿ ಒಂದು ಥೈರಾಕ್ಸಿನ್ ಮಾತ್ರೆ. ಅದಾದ ಮೇಲೆ ಕನಿಷ್ಠ ಅರ್ಧ ಗಂಟೆ ಕಾಫಿ ಮುಟ್ಟುವ ಹಾಗಿಲ್ಲ, ಏಕೆಂದರೆ ಕಾಫಿ ಈ ಔಷಧವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಚೆನ್ನೈಯಲ್ಲಿ ಕನ್ನಡದವರ ಮನೆಯಲ್ಲಿ, ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುವ ಪರಿಮಳದ ಎದುರು ಆ ಅರ್ಧ ಗಂಟೆ ಕಾಯುವುದು ಎಂಥ ತಪಸ್ಸು ಎಂದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ನಮ್ಮ ವೇದಿಕೆಯ ಕಳೆದ ಸಭೆಯಲ್ಲಿ ಸುಮ್ಮನೆ "ಯಾರ್‍ಯಾರಿಗೆ ಥೈರಾಯ್ಡ್ ಇದೆ?" ಎಂದು ಕೇಳಿದಾಗ ಎಷ್ಟು ಕೈಗಳು ಮೇಲೆದ್ದವು ನೋಡಿದಿರಲ್ಲ! ಆ ಕಾಯುವ ಅರ್ಧ ಗಂಟೆಯಲ್ಲಿ ಓದಿ ತಿಳಿದುಕೊಂಡ ಇತಿಹಾಸವನ್ನೇ ನಿಮ್ಮ ಮುಂದಿಡುತ್ತಿದ್ದೇನೆ. ಇದರಲ್ಲಿ ಒಬ್ಬ ಇಂಗ್ಲಿಷ್ ಮಹಿಳೆ ಇದ್ದಾರೆ, ನಮ್ಮ ಬೆಂಗಳೂರಿನಲ್ಲಿ ಓದಿದ ಒಬ್ಬ ವಿಜ್ಞಾನಿ ಇದ್ದಾರೆ, ಸ್ವಲ್ಪ ಉಪ್ಪೂ ಇದೆ.

ದೊಡ್ಡಜ್ಜಿಯ ಸೆರಗು

ಮೊದಲು ನಮ್ಮ ಮನೆಯ ಮಾತು. ನಮ್ಮಜ್ಜಿಯ ಅಕ್ಕ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನವರು. ಅವರಿಗೆ ಗಳಗಂಡ ಇತ್ತು. ಮನೆಯಲ್ಲಿರುವ ಒಂದೇ ಒಂದು ಫೋಟೋದಲ್ಲಿ ಅವರು ಸೆರಗನ್ನು ಕುತ್ತಿಗೆಯ ಸುತ್ತ ಬಿಗಿಯಾಗಿ ಹೊದ್ದುಕೊಂಡಿದ್ದಾರೆ. ನೋಡಲು ಬಂದ ಗಂಡಿನ ಕಡೆಯವರು ಕುತ್ತಿಗೆ ನೋಡಿ ಎದ್ದು ಹೋದರಂತೆ, ಒಂದಲ್ಲ, ಮೂರು ಸಲ. ಆಮೇಲೆ ಯಾರೂ ಬರಲಿಲ್ಲ. "ಹೊಳೆ ನೀರಿನ ದೋಷ" ಎಂದು ಕೆಲವರು, "ಪೂರ್ವಜನ್ಮದ ಕರ್ಮ" ಎಂದು ಕೆಲವರು. ಮಧ್ಯಾಹ್ನ ಕೂತಲ್ಲೇ ತೂಕಡಿಸುತ್ತಿದ್ದರು ಎಂದು ಅವರನ್ನು ಸೋಮಾರಿ ಎಂದೂ ಕರೆಯುತ್ತಿದ್ದರು. ತಮ್ಮನ ಮನೆಯಲ್ಲಿ ಕೊನೆಯವರೆಗೂ ಮುಸುರೆ ತಿಕ್ಕಿ, ಕೊಟ್ಟಿಗೆ ನೋಡಿಕೊಂಡು ಬದುಕಿದವರನ್ನು ಸೋಮಾರಿ ಎಂದರಲ್ಲ ಎಂಬ ಸಂಕಟ ನನಗೆ ಈಗ ಆಗುತ್ತದೆ.

ಈಗ ಆಗುತ್ತದೆ ಎಂದೆ, ಏಕೆಂದರೆ ಅದೇ ಮಾತನ್ನು ನಾನೂ ಕೇಳಿದ್ದೇನೆ. ಕೆಲಸಕ್ಕೆ ಸೇರಿದ ಕೆಲವು ವರ್ಷಗಳಲ್ಲಿ ಮೈ ಭಾರ, ನಿದ್ದೆ, ಮರೆವು, ಕೂದಲು ಉದುರುವುದು ಎಲ್ಲ ಶುರುವಾಯಿತು. ಆಫೀಸಿನಲ್ಲಿ "ಮೊದಲಿನ ಉತ್ಸಾಹ ಇಲ್ಲ" ಎಂದು ಬರೆದರು. ಒಬ್ಬ ವೈದ್ಯರು ಎರಡು ವರ್ಷ "ಸ್ಟ್ರೆಸ್ ಅಷ್ಟೇ" ಎಂದು ಕಳಿಸಿದರು. ಕೊನೆಗೆ ಒಂದು ರಕ್ತ ಪರೀಕ್ಷೆ, ಒಂದು ಪುಟ್ಟ ಮಾತ್ರೆ, ಎರಡು ತಿಂಗಳಲ್ಲಿ ನಾನು ಮತ್ತೆ ನಾನಾದೆ. ದೊಡ್ಡಜ್ಜಿಗೂ ನನಗೂ ನಡುವೆ ಇರುವ ವ್ಯತ್ಯಾಸ ಬರೀ ಅದೃಷ್ಟವಲ್ಲ. ಯಾರೋ ಪ್ರಯೋಗಾಲಯದಲ್ಲಿ ಕೂತು ಪಟ್ಟ ಶ್ರಮ ಅದು. ಆ ಯಾರೋ ಯಾರು ಎಂದು ಹುಡುಕುತ್ತಾ ಹೋದೆ.

ಕಡಲ ಪಾಚಿಯಿಂದ ಕುರಿಯವರೆಗೆ

ಗಳಗಂಡ ಹೊಸ ಕಾಯಿಲೆ ಏನಲ್ಲ. ಸುಶ್ರುತ ಸಂಹಿತೆಯಲ್ಲೇ ಅದರ ವರ್ಣನೆ ಇದೆ. ಆದರೆ ಕಾರಣ ಗೊತ್ತಾಗಲು ಬಹಳ ಕಾಲ ಹಿಡಿಯಿತು. 1811ರಲ್ಲಿ ಫ್ರಾನ್ಸಿನ ಬರ್ನಾರ್ ಕೂರ್ತ್ವಾ ಎಂಬಾತ ಕಡಲ ಪಾಚಿಯ ಬೂದಿಯಲ್ಲಿ ಅಯೋಡಿನ್ ಎಂಬ ಹೊಸ ಮೂಲವಸ್ತುವನ್ನು ಕಂಡ. 1820ರಲ್ಲಿ ಜಿನೀವಾದ ವೈದ್ಯ ಕ್ವಾಂದೆ ಅದನ್ನು ಗಳಗಂಡಕ್ಕೆ ಔಷಧವಾಗಿ ಕೊಟ್ಟು ನೋಡಿದ, ಕೆಲವರಲ್ಲಿ ಗಂಟು ಇಳಿಯಿತು. ಏಕೆ ಇಳಿಯಿತು ಎಂಬುದು ಮಾತ್ರ ತಿಳಿಯಲಿಲ್ಲ.

1891ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ಯುವ ವೈದ್ಯ, ಥೈರಾಯ್ಡ್ ಕೆಲಸ ನಿಲ್ಲಿಸಿ ಮೈಯೆಲ್ಲ ಊದಿಕೊಂಡಿದ್ದ 46 ವರ್ಷದ ಹೆಂಗಸೊಬ್ಬಳಿಗೆ ಕುರಿಯ ಥೈರಾಯ್ಡ್ ರಸವನ್ನು ಚುಚ್ಚಿ ಕೊಟ್ಟ. ಆಕೆ ಚೇತರಿಸಿಕೊಂಡಳು. ಮುಂದೆ ಅದೇ ರಸವನ್ನು ಕುಡಿಯುತ್ತಾ 74 ವರ್ಷದವರೆಗೆ ಬದುಕಿದಳು. ಅಷ್ಟು ವರ್ಷಗಳಲ್ಲಿ ಅವಳೊಬ್ಬಳಿಗಾಗಿ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿ ಬೇಕಾಯಿತಂತೆ!

1895ರಲ್ಲಿ ಜರ್ಮನಿಯ ಬೌಮನ್ ಥೈರಾಯ್ಡ್ ಗ್ರಂಥಿಯೊಳಗೆ ಅಯೋಡಿನ್ ಇರುವುದನ್ನು ತೋರಿಸಿದ. ಎರಡು ತುಂಡು ಕಥೆಗಳು ಆಗ ಒಂದಾದವು. 1914ರ ಕ್ರಿಸ್ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಲ್ ಆ ಗ್ರಂಥಿಯ ಹಾರ್ಮೋನನ್ನು ಹರಳಾಗಿ ಪಡೆದ. ಮುಂದೆ ಅವನು ಮೂರು ಟನ್ ಹಂದಿ ಗ್ರಂಥಿಯಿಂದ ಪಡೆದದ್ದು ಕೇವಲ 33 ಗ್ರಾಂ. ಅದಕ್ಕೆ ಥೈರಾಕ್ಸಿನ್ ಎಂದು ಹೆಸರಾಯಿತು. 1926ರಲ್ಲಿ ಲಂಡನ್ನಿನ ಚಾರ್ಲ್ಸ್ ಹ್ಯಾರಿಂಗ್ಟನ್ ಅದರ ಸರಿಯಾದ ರಚನೆಯನ್ನು ಕಂಡುಹಿಡಿದು, ಮರುವರ್ಷ ಜಾರ್ಜ್ ಬಾರ್ಜರ್ ಜೊತೆ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದ. ಒಂದು ಅಣುವಿನಲ್ಲಿ ನಾಲ್ಕು ಅಯೋಡಿನ್ ಪರಮಾಣು. ನಮ್ಮ ರಿಪೋರ್ಟಿನಲ್ಲಿ ಬರುವ ಟಿ-4 ಎಂದರೆ ಇದೇ. ಇನ್ನೇನು, ಕಥೆ ಮುಗಿಯಿತು ಎಂದು ಎಲ್ಲರೂ ಅಂದುಕೊಂಡರು.

ಮುಗಿದಿರಲಿಲ್ಲ. ಅದನ್ನು ತೋರಿಸಿದವರು ಇದೇ ಹ್ಯಾರಿಂಗ್ಟನ್ ಅವರ ಶಿಷ್ಯೆ.

ರೋಸಲಿಂಡ್ ಪಿಟ್-ರಿವರ್ಸ್

ರೋಸಲಿಂಡ್ ಹುಟ್ಟಿದ್ದು 1907ರ ಮಾರ್ಚ್ 4ರಂದು, ಲಂಡನ್ನಿನ ಕುಲೀನ ಮನೆತನವೊಂದರಲ್ಲಿ. ಅಂಥ ಮನೆಯ ಹುಡುಗಿಯರು ಆ ಕಾಲದಲ್ಲಿ ಒಳ್ಳೆಯ ಮದುವೆಯಾದರೆ ಸಾಕಿತ್ತು, ಡಿಗ್ರಿ ಬೇಕೆಂದು ಯಾರೂ ಕೇಳುತ್ತಿರಲಿಲ್ಲ. ಈಕೆ ಮಾತ್ರ ಮಹಿಳೆಯರಿಗಾಗಿಯೇ ಇದ್ದ ಬೆಡ್‌ಫರ್ಡ್ ಕಾಲೇಜಿಗೆ ಸೇರಿ ರಸಾಯನಶಾಸ್ತ್ರ ಓದಿದರು. 1930ರಲ್ಲಿ ಪ್ರಥಮ ದರ್ಜೆಯಲ್ಲಿ ಬಿ.ಎಸ್‌ಸಿ., 1931ರಲ್ಲಿ ಎಂ.ಎಸ್‌ಸಿ. ಅದೇ ವರ್ಷ ಜಾರ್ಜ್ ಪಿಟ್-ರಿವರ್ಸ್ ಎಂಬ ಭಾರಿ ಜಮೀನ್ದಾರನ ಜೊತೆ ಮದುವೆ. ಆತನಿಗೆ ಇದು ಎರಡನೆಯ ಮದುವೆ. ಮುಂದಿನ ವರ್ಷ ಮಗ ಹುಟ್ಟಿದ. ಓದು ಅಲ್ಲಿಗೆ ನಿಂತಿತು.

ಆ ಸಂಸಾರ ಉಳಿಯಲಿಲ್ಲ. 1937ರಲ್ಲಿ ವಿಚ್ಛೇದನವಾಯಿತು. ಮೂವತ್ತರ ಹರೆಯ, ಕೈಯಲ್ಲಿ ಐದು ವರ್ಷದ ಮಗು, ಕೆಲವು ವರ್ಷಗಳ ಗ್ಯಾಪ್. ನಮ್ಮ ಐಟಿ ಕ್ಷೇತ್ರದಲ್ಲಿ ಈಗಲೂ ಹೆರಿಗೆ ಮುಗಿಸಿ ಎರಡು ವರ್ಷ ಬಿಟ್ಟು ಬಂದವರನ್ನು ಸಂದರ್ಶನದಲ್ಲಿ ಹೇಗೆ ನೋಡುತ್ತಾರೆಂದು ಗೊತ್ತಿದೆಯಲ್ಲ? ರೋಸಲಿಂಡ್ ಪ್ರಯೋಗಾಲಯಕ್ಕೆ ಮರಳಿದರು. ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ವೈದ್ಯಕೀಯ ಶಾಲೆಯಲ್ಲಿ ಹ್ಯಾರಿಂಗ್ಟನ್ ಅವರ ಮಾರ್ಗದರ್ಶನದಲ್ಲಿ ದುಡಿದು 1939ರಲ್ಲಿ ಪಿಎಚ್.ಡಿ. ಪಡೆದರು.

ಇಲ್ಲಿ ಸ್ವಲ್ಪ ನಿಂತು ನಮ್ಮ ಕಡೆ ನೋಡೋಣ. ಅದೇ 1939ರಲ್ಲಿ ಕೇಂಬ್ರಿಜ್‌ನಲ್ಲಿ ಒಬ್ಬ ಭಾರತೀಯ ಹೆಣ್ಣುಮಗಳು ಜೀವರಸಾಯನಶಾಸ್ತ್ರದಲ್ಲೇ ಪಿಎಚ್.ಡಿ. ಪಡೆದರು. ಅವರು ಕಮಲಾ ಭಾಗವತ್, ಮದುವೆಯ ನಂತರ ಕಮಲಾ ಸೊಹೋನಿ. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯಕ್ಕೇ ಮೊದಲಿಗರಾಗಿ ತೇರ್ಗಡೆಯಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣು ಎಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಅವರೇ ಬೇಡವೆಂದರು. ಕಮಲಾ ಪಟ್ಟು ಬಿಡಲಿಲ್ಲ. ಒಂದು ವರ್ಷ ಪರೀಕ್ಷಾರ್ಥವಾಗಿ, ಷರತ್ತುಗಳ ಮೇಲೆ ಸೇರಿಸಿಕೊಂಡರು. ಅಲ್ಲಿ ಎಂ. ಶ್ರೀನಿವಾಸಯ್ಯನವರ ಬಳಿ ಕೆಲಸ ಕಲಿತು, ಮುಂದೆ ಕೇಂಬ್ರಿಜ್‌ಗೆ ಹೋಗಿ, ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎನಿಸಿಕೊಂಡರು. ಲಂಡನ್ನಿನ ಶ್ರೀಮಂತರ ಮನೆಯಾಕೆಗೂ ಮುಂಬಯಿಯ ಹುಡುಗಿಗೂ ಒಂದೇ ವರ್ಷ ಸಿಕ್ಕ ಪದವಿ ಇದು. ಇಬ್ಬರೂ ಬಾಗಿಲು ತಟ್ಟಿ ತಟ್ಟಿಯೇ ಒಳಗೆ ಹೋದವರು.

ಯುದ್ಧ ಮತ್ತು ಬೆಲ್ಸನ್

1942ರಲ್ಲಿ ಹ್ಯಾರಿಂಗ್ಟನ್ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದಾಗ ರೋಸಲಿಂಡ್ ಕೂಡ ಅಲ್ಲಿಗೆ ಸೇರಿದರು. ದೇಹದೊಳಗೆ ಥೈರಾಕ್ಸಿನ್ ಹೇಗೆ ತಯಾರಾಗುತ್ತದೆ ಎಂಬುದು ಅವರ ಪ್ರಶ್ನೆ. ನಾವು ತಿನ್ನುವ ಬೇಳೆ, ಹಾಲುಗಳಲ್ಲಿರುವ ಟೈರೋಸಿನ್ ಎಂಬ ಸಾಮಾನ್ಯ ಅಮೈನೋ ಆಮ್ಲಕ್ಕೆ ಅಯೋಡಿನ್ ಸೇರುತ್ತದೆ, ಹಾಗೆ ಅಯೋಡಿನ್ ಹೊತ್ತ ಎರಡು ಟೈರೋಸಿನ್‌ಗಳು ಕೂಡಿಕೊಂಡು ಥೈರಾಕ್ಸಿನ್ ಆಗುತ್ತದೆ. ಗ್ರಂಥಿಯ ಹೊರಗೆ, ಗಾಜಿನ ಪಾತ್ರೆಯಲ್ಲೇ ಈ ಕೂಡಿಕೆ ಹೇಗೆ ನಡೆಯುತ್ತದೆಂದು ಅವರು ಅಧ್ಯಯನ ಮಾಡಿದರು.

1945ರಲ್ಲಿ ಯುದ್ಧ ಮುಗಿಯುವ ಹೊತ್ತಿಗೆ ಅವರಿಗೆ ಬೇರೆಯದೇ ಕೆಲಸ ಬಂತು. ನಾಜಿಗಳ ಬೆರ್ಗನ್-ಬೆಲ್ಸನ್ ಶಿಬಿರವನ್ನು ಬ್ರಿಟಿಷ್ ಸೈನ್ಯ ಬಿಡಿಸಿದಾಗ ಸಾವಿರಾರು ಜನ ಹಸಿವಿನಿಂದ ಎಲುಬಿನ ಹಂದರಗಳಾಗಿದ್ದರು. ಅವರಿಗೆ ಪ್ರೋಟೀನನ್ನು ಕರಗಿಸಿದ ರೂಪದಲ್ಲಿ ಕೊಟ್ಟು ಉಳಿಸಲು ಆಗುತ್ತದೆಯೇ ಎಂದು ನೋಡಲು ಡಾ. ಜಾನೆಟ್ ವಾನ್, ಡಾ. ಚಾರ್ಲ್ಸ್ ಡೆಂಟ್ ಜೊತೆ ರೋಸಲಿಂಡ್ ಅಲ್ಲಿಗೆ ಹೋದರು. ಸೋಜಿಗವೆಂದರೆ, ಅವರ ಮಾಜಿ ಗಂಡ ಜನಾಂಗ ಶುದ್ಧಿಯ ವಾದ ಮಾಡುತ್ತಾ ಫ್ಯಾಸಿಸ್ಟರ ಪರ ನಿಂತು, 1940ರಲ್ಲಿ ಬ್ರಿಟಿಷ್ ಸರ್ಕಾರದಿಂದಲೇ ಬಂಧನಕ್ಕೊಳಗಾಗಿದ್ದ. ಆತನ ಮನೆತನದ ಹೆಸರನ್ನೇ ಹೊತ್ತ ಹೆಂಗಸು ಅಂಥ ವಾದದ ಬಲಿಪಶುಗಳ ಬಾಯಿಗೆ ಆಹಾರ ಇಡಲು ಹೋದಳು. ಇತಿಹಾಸ ಕೆಲವೊಮ್ಮೆ ಹೀಗೂ ಲೆಕ್ಕ ಸರಿದೂಗಿಸುತ್ತದೆ.

ಕಾಗದದ ಮೇಲೆ ಒಂದು ಕಲೆ

ಈಗ ಮುಖ್ಯ ಘಟನೆಗೆ ಬರೋಣ. ಯುದ್ಧದ ನಂತರ ವಿಜ್ಞಾನಿಗಳ ಕೈಗೆ ಎರಡು ಹೊಸ ಸಾಧನಗಳು ಬಂದವು. ಒಂದು, ವಿಕಿರಣ ಸೂಸುವ ಅಯೋಡಿನ್. ಅದನ್ನು ಇಲಿಗೆ ಕೊಟ್ಟರೆ ಅಯೋಡಿನ್ ದೇಹದಲ್ಲಿ ಎಲ್ಲೆಲ್ಲಿ ಹೋಗುತ್ತದೆಂದು ಹಿಂಬಾಲಿಸಬಹುದು. ಎರಡನೆಯದು ಕಾಗದದ ಕ್ರೊಮ್ಯಾಟೋಗ್ರಫಿ. ಚಿಕ್ಕವರಿದ್ದಾಗ ಬ್ಲಾಟಿಂಗ್ ಪೇಪರಿನ ಮೇಲೆ ಮಸಿ ಬಿದ್ದರೆ ನೀರು ಏರಿದ ಹಾಗೆ ಬಣ್ಣಗಳು ಬೇರೆ ಬೇರೆಯಾಗಿ ಹರಡುತ್ತಿದ್ದವಲ್ಲ, ಅದೇ ತತ್ವ. ಈ ವಿಧಾನ ಕಂಡುಹಿಡಿದ ಆರ್ಚರ್ ಮಾರ್ಟಿನ್ ಆಗ ರೋಸಲಿಂಡ್ ಇದ್ದ ಸಂಸ್ಥೆಯಲ್ಲೇ ಕೆಲಸ ಮಾಡುತ್ತಿದ್ದರು. ಅದಕ್ಕಾಗಿ ಅವರಿಗೆ 1952ರಲ್ಲಿ ನೊಬೆಲ್ ಕೂಡ ಬಂತು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲೂ ಅದೇ ಕಾಲದಲ್ಲಿ ಪ್ರೊ. ಕೆ.ವಿ. ಗಿರಿ ಅವರು ಈ ವಿಧಾನವನ್ನು ದುಂಡನೆಯ ಕಾಗದದಲ್ಲಿ ಮಾಡುವ ಸುಲಭ ರೂಪವನ್ನು ಬೆಳೆಸಿದ್ದರು.

ಕೆನಡಾದಲ್ಲಿ ಜ್ಯಾಕ್ ಗ್ರಾಸ್ ಎಂಬ ಯುವ ಸಂಶೋಧಕ ಚಾರ್ಲ್ಸ್ ಲೆಬ್ಲಾಂ ಜೊತೆ ಕೆಲಸ ಮಾಡುವಾಗ, ಇಂಥ ಕಾಗದದ ಮೇಲೆ ಥೈರಾಕ್ಸಿನ್ ಜಾಗದಲ್ಲಿ ಒಂದು ಕಲೆ, ಅದರ ಪಕ್ಕದಲ್ಲಿ ಗುರುತು ಸಿಗದ ಇನ್ನೊಂದು ಕಲೆ ಕಂಡಿದ್ದ. ಅದಕ್ಕೆ "ಅಪರಿಚಿತ 1" ಎಂದು ಹೆಸರಿಟ್ಟಿದ್ದರು. ಅದೇನೆಂದು ತಿಳಿಯಲು ಒಳ್ಳೆಯ ರಸಾಯನಶಾಸ್ತ್ರಜ್ಞೆ ಬೇಕಿತ್ತು. ಗ್ರಾಸ್ ಲಂಡನ್ನಿಗೆ, ರೋಸಲಿಂಡ್ ಬಳಿಗೆ ಬಂದ.

ನಾವು ಸಾಫ್ಟ್‌ವೇರಿನವರು ಲಾಗ್ ಫೈಲಿನಲ್ಲಿ ಅರ್ಥವಾಗದ ಒಂದು ಸಾಲು ಕಂಡರೆ ಎಷ್ಟೋ ಸಲ "ಬಿಡು, ಕೆಲಸ ನಡೀತಿದೆಯಲ್ಲ" ಎಂದು ಮುಂದೆ ಹೋಗುತ್ತೇವೆ. ಇವರು ಹೋಗಲಿಲ್ಲ. ಈ ಕಲೆ, ಥೈರಾಕ್ಸಿನ್‌ನಿಂದ ಒಂದು ಅಯೋಡಿನ್ ಕಳಚಿದ ವಸ್ತು ಇರಬಹುದೇ ಎಂದು ಊಹಿಸಿದರು. ಮೂರು ಅಯೋಡಿನ್ ಇರುವ ಆ ವಸ್ತುವನ್ನು ರೋಸಲಿಂಡ್ ಪ್ರಯೋಗಾಲಯದಲ್ಲಿ ತಯಾರಿಸಿದರು. ಎರಡನ್ನೂ ಕಾಗದದ ಮೇಲೆ ಹರಿಸಿ ನೋಡಿದರೆ ಒಂದರ ಮೇಲೊಂದು ಕೂತವು. ಅದೇ ಟ್ರೈಅಯೋಡೋಥೈರೋನಿನ್, ನಮ್ಮ ರಿಪೋರ್ಟಿನ ಟಿ-3. ಮನುಷ್ಯರ ರಕ್ತದಲ್ಲೂ ಅದು ಇದೆ ಎಂದು 1952ರ ಮಾರ್ಚ್‌ನಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ವರ್ಷ ಪ್ಯಾರಿಸ್‌ನಲ್ಲಿ ಜಾನ್ ರೋಶ್ ಅವರ ತಂಡವೂ ಸ್ವತಂತ್ರವಾಗಿ ಇದನ್ನೇ ಕಂಡಿತು.

ಮುಂದಿನ ಪರೀಕ್ಷೆಯಲ್ಲಿ ಟಿ-3 ಥೈರಾಕ್ಸಿನ್‌ಗಿಂತ ಹಲವು ಪಟ್ಟು ಚುರುಕು ಎಂದು ತಿಳಿಯಿತು. ಹಾಗಾದರೆ ನಿಜವಾದ ಕೆಲಸಗಾರ ಟಿ-3, ಟಿ-4 ಎಂಬುದು ಅದರ ದಾಸ್ತಾನು ರೂಪ ಇರಬಹುದು ಎಂದು ಇಬ್ಬರೂ ಸೂಚಿಸಿದರು. ಈ ಮಾತಿಗೆ ಗಟ್ಟಿ ಪುರಾವೆ ಸಿಗಲು 1970ರವರೆಗೆ ಕಾಯಬೇಕಾಯಿತು. ಥೈರಾಯ್ಡ್ ಗ್ರಂಥಿಯೇ ಕೆಲಸ ಮಾಡದ ರೋಗಿಗಳಿಗೆ ಬರೀ ಟಿ-4 ಕೊಟ್ಟಾಗ ಅವರ ರಕ್ತದಲ್ಲಿ ಟಿ-3 ಕಾಣಿಸಿಕೊಂಡಿತು, ಅಂದರೆ ದೇಹವೇ ಒಂದು ಅಯೋಡಿನ್ ಕಳಚಿ ಅದನ್ನು ಮಾಡಿಕೊಳ್ಳುತ್ತಿತ್ತು. ಬ್ರೇವರ್‌ಮನ್, ಇಂಗ್‌ಬಾರ್, ಸ್ಟರ್ಲಿಂಗ್ ಎಂಬ ಅಮೆರಿಕದ ಸಂಶೋಧಕರು ಇದನ್ನು ತೋರಿಸಿದರು. ನಮ್ಮಲ್ಲಿ ಹೆಚ್ಚಿನವರಿಗೆ ಟಿ-4 ಮಾತ್ರೆ ಒಂದೇ ಸಾಕಾಗುವುದು ಇದರಿಂದಲೇ. ಟಿ-4 ರಕ್ತದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ, ಟಿ-3ಗೆ ಸುಮಾರು ಒಂದೇ ದಿನ. ಟಿ-4 ಬ್ಯಾಂಕಿನಲ್ಲಿಟ್ಟ ದುಡ್ಡಿದ್ದಂತೆ, ಟಿ-3 ಕೈಯಲ್ಲಿರುವ ಚಿಲ್ಲರೆ.

1954ರಲ್ಲಿ ರೋಸಲಿಂಡ್ ರಾಯಲ್ ಸೊಸೈಟಿಯ ಫೆಲೋ ಆದರು. ಆ ಸೊಸೈಟಿ ಹೆಂಗಸರನ್ನು ಮೊದಲ ಸಲ ಆರಿಸಿದ್ದೇ 1945ರಲ್ಲಿ. 1969ರಿಂದ 1972ರಲ್ಲಿ ನಿವೃತ್ತರಾಗುವವರೆಗೆ ತಮ್ಮ ಸಂಸ್ಥೆಯ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದರು. 1990ರ ಜನವರಿಯಲ್ಲಿ ತೀರಿಕೊಂಡರು.

ಬೆಂಗಳೂರಿನಿಂದ ಮಿಲ್ ಹಿಲ್‌ಗೆ

1956ರಲ್ಲಿ ರೋಸಲಿಂಡ್ ಇದ್ದ ಮಿಲ್ ಹಿಲ್‌ನ ಸಂಸ್ಥೆಗೆ ಒಬ್ಬ ಭಾರತೀಯ ಯುವಕ ಬಂದ. ಹೆಸರು ಜಮ್ಶೆಡ್ ರುಸ್ತುಂ ಟಾಟಾ. 1930ರಲ್ಲಿ ಮುಂಬಯಿಯಲ್ಲಿ ಹುಟ್ಟಿ, ಅಲ್ಲಿ ಪದವಿ ಪಡೆದು, ನಂತರ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಓದಿದವರು. ಬೆಂಗಳೂರಿನ ಹಳಬರು ಆ ಸಂಸ್ಥೆಯನ್ನು ಇಂದಿಗೂ "ಟಾಟಾ ಇನ್‌ಸ್ಟಿಟ್ಯೂಟ್" ಎಂದೇ ಕರೆಯುವುದು. ಟಾಟಾ ಇನ್‌ಸ್ಟಿಟ್ಯೂಟಿನಿಂದ ಬಂದ ಟಾಟಾ! ಅವರು ಪ್ಯಾರಿಸ್‌ನಲ್ಲಿ 1954ರಲ್ಲಿ ಡಾಕ್ಟರೇಟ್ ಪಡೆದಿದ್ದು ಮೇಲೆ ಹೇಳಿದ ಜಾನ್ ರೋಶ್ ಅವರ ಬಳಿ. ಅಂದರೆ ಟಿ-3 ಕಂಡ ಎರಡೂ ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವ ಅವಕಾಶ ನಮ್ಮ ಈ ಹುಡುಗನಿಗೆ ಸಿಕ್ಕಿತು. 1959ರಲ್ಲಿ ರೋಸಲಿಂಡ್ ಮತ್ತು ಟಾಟಾ ಸೇರಿ ಥೈರಾಯ್ಡ್ ಹಾರ್ಮೋನುಗಳ ಬಗ್ಗೆ ಒಂದು ಗ್ರಂಥವನ್ನೇ ಬರೆದರು.

ಆಗ ಉಳಿದಿದ್ದ ದೊಡ್ಡ ಪ್ರಶ್ನೆ: ಈ ಹಾರ್ಮೋನು ಮಾಡುವುದಾದರೂ ಏನು? ಥೈರಾಯ್ಡ್ ಕಡಿಮೆಯಾದರೆ ಚಯಾಪಚಯ ಕುಗ್ಗುತ್ತದೆ, ಅಂದರೆ ದೇಹ ಅನ್ನವನ್ನು ಉರಿಸಿ ಶಕ್ತಿ ಮಾಡಿಕೊಳ್ಳುವ ವೇಗ ಇಳಿಯುತ್ತದೆ. ನಮಗೆ ಚಳಿ, ಸುಸ್ತು, ತೂಕ, ಮಲಬದ್ಧತೆ ಬರುವುದು ಅದಕ್ಕೇ. ಹಾರ್ಮೋನು ಕೊಟ್ಟರೆ ಆ ವೇಗ ಏರುತ್ತದೆ. ಒಲೆಯ ಗಾಳಿಕಿಂಡಿ ತೆರೆದ ಹಾಗೆ ಇದು ಜೀವಕೋಶದ ಉರಿಯನ್ನು ನೇರವಾಗಿ ಹೆಚ್ಚಿಸುತ್ತದೆ ಎಂದು ಅನೇಕರು ನಂಬಿದ್ದರು. ಆದರೆ ಪರಿಣಾಮ ಕಾಣಲು ಒಂದೆರಡು ದಿನ ಏಕೆ ಬೇಕು?

ಟಾಟಾ ಸ್ಟಾಕ್‌ಹೋಮ್‌ನಲ್ಲೂ ಮತ್ತೆ ಮಿಲ್ ಹಿಲ್‌ನಲ್ಲೂ 1960ರ ದಶಕದಲ್ಲಿ ಮಾಡಿದ ಪ್ರಯೋಗಗಳು ಇದಕ್ಕೆ ಉತ್ತರ ಕೊಟ್ಟವು. ಜೀನುಗಳಿಂದ ಆರ್‌ಎನ್‌ಎ ತಯಾರಾಗುವುದನ್ನು ತಡೆಯುವ ಔಷಧವನ್ನು ಇಲಿಗೆ ಕೊಟ್ಟರೆ, ಥೈರಾಯ್ಡ್ ಹಾರ್ಮೋನು ಕೊಟ್ಟರೂ ಚಯಾಪಚಯ ಏರುವುದಿಲ್ಲ ಎಂದು 1963ರಲ್ಲಿ ತೋರಿಸಿದರು. ಹಾರ್ಮೋನು ಕೊಟ್ಟ ಮೇಲೆ ಕೋಶದ ಕೇಂದ್ರದಲ್ಲಿ ಮೊದಲು ಆರ್‌ಎನ್‌ಎ ಹೆಚ್ಚುತ್ತದೆ, ಆಮೇಲೆ ಹೊಸ ಪ್ರೋಟೀನುಗಳು, ಅದಾದ ಮೇಲೆ ಚಯಾಪಚಯ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಇದು ಗುಂಡಿ ಒತ್ತಿ ಫ್ಯಾನ್ ವೇಗ ಹೆಚ್ಚಿಸಿದ ಹಾಗಲ್ಲ, ಹೊಸ ಕೋಡ್ ಬರೆದು ಡಿಪ್ಲಾಯ್ ಮಾಡಿದ ಹಾಗೆ. ಅದಕ್ಕೇ ಸಮಯ ಬೇಕು. ಮಾತ್ರೆ ಶುರು ಮಾಡಿ ನಾಲ್ಕೇ ದಿನಕ್ಕೆ "ಏನೂ ಆಗಲಿಲ್ಲ" ಎಂದು ಬಿಡುವವರು ಇದನ್ನು ನೆನಪಿಡಬೇಕು.

ಟಾಟಾ ಅವರ ಇನ್ನೊಂದು ಸೊಗಸಾದ ಪ್ರಯೋಗ ಗೊದಮೊಟ್ಟೆಯದು. ಗೊದಮೊಟ್ಟೆಗೆ ಥೈರಾಯ್ಡ್ ತಿನ್ನಿಸಿದರೆ ಬೇಗ ಬಾಲ ಕರಗಿ ಪುಟಾಣಿ ಕಪ್ಪೆಯಾಗುತ್ತದೆ ಎಂದು 1912ರಲ್ಲೇ ಗುಡರ್ನಾಷ್ ಎಂಬಾತ ತೋರಿಸಿದ್ದ. ಟಾಟಾ ಬಾಲವನ್ನಷ್ಟೇ ಕತ್ತರಿಸಿ ಗಾಜಿನ ತಟ್ಟೆಯಲ್ಲಿಟ್ಟು ಟಿ-3 ಕೊಟ್ಟರು. ಬಾಲ ತನ್ನಷ್ಟಕ್ಕೇ ಕರಗಿತು. ಆರ್‌ಎನ್‌ಎ, ಪ್ರೋಟೀನ್ ತಯಾರಿಕೆಯನ್ನು ತಡೆದಾಗ ಕರಗಲಿಲ್ಲ. ಕರಗಿ ಹೋಗುವುದಕ್ಕೂ ಹೊಸದಾಗಿ ಏನನ್ನೋ ಕಟ್ಟಬೇಕು ಎಂಬುದು 1966ರ ಆ ಪ್ರಯೋಗದ ತಿರುಳು. ಹಾರ್ಮೋನು ಜೀನುಗಳ ಮಟ್ಟದಲ್ಲಿ ಮಾತಾಡುತ್ತದೆ ಎಂಬ ಅವರ ನಿಲುವಿಗೆ 1986ರಲ್ಲಿ ಥೈರಾಯ್ಡ್ ಹಾರ್ಮೋನಿನ ಗ್ರಾಹಕ ಪ್ರೋಟೀನುಗಳು ಪತ್ತೆಯಾದಾಗ ಮುದ್ರೆ ಬಿತ್ತು. ಟಾಟಾ 1973ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು, 1996ರವರೆಗೆ ಮಿಲ್ ಹಿಲ್‌ನಲ್ಲಿ ವಿಭಾಗದ ಮುಖ್ಯಸ್ಥರಾಗಿದ್ದು, 2020ರಲ್ಲಿ 90ನೇ ವಯಸ್ಸಿನಲ್ಲಿ ತೀರಿಕೊಂಡರು.

ಇನ್ನೊಬ್ಬ ಮಹಿಳೆಯನ್ನು ಇಲ್ಲಿ ನೆನೆಯಲೇಬೇಕು, ಹೆಸರೂ ಹತ್ತಿರದ್ದೇ: ರೋಸಲಿನ್ ಯಾಲೋ. ನ್ಯೂಯಾರ್ಕಿನಲ್ಲಿ ಸಾಲೊಮನ್ ಬರ್ಸನ್ ಜೊತೆ ರಕ್ತದಲ್ಲಿ ಅತಿ ಸೂಕ್ಷ್ಮ ಪ್ರಮಾಣದ ಹಾರ್ಮೋನನ್ನು ಅಳೆಯುವ ವಿಧಾನ ಕಂಡುಹಿಡಿದು 1977ರಲ್ಲಿ ನೊಬೆಲ್ ಪಡೆದವರು, ವೈದ್ಯಶಾಸ್ತ್ರದಲ್ಲಿ ಆ ಪ್ರಶಸ್ತಿ ಪಡೆದ ಎರಡನೆಯ ಮಹಿಳೆ. ಇಂದಿನ ಟಿಎಸ್‌ಎಚ್ ಪರೀಕ್ಷೆ ಬೆಳೆದು ಬಂದದ್ದು ಆ ದಾರಿಯಲ್ಲೇ.

ಕಾಂಗ್ರಾದ ಉಪ್ಪು, ಮರಕ್ಕಾನಂ ಉಪ್ಪು

ಮಾತ್ರೆ ಬಂತು, ಪರೀಕ್ಷೆ ಬಂತು. ಆದರೆ ನಮ್ಮ ದೊಡ್ಡಜ್ಜಿಯಂಥವರಿಗೆ ಬೇಕಿದ್ದದ್ದು ಮಾತ್ರೆಯೂ ಅಲ್ಲ, ದಿನಕ್ಕೆ ಒಂದು ಚಿಟಿಕೆ ಅಯೋಡಿನ್. ದೊಡ್ಡವರಿಗೆ ದಿನಕ್ಕೆ ಬೇಕಾಗುವುದು 150 ಮೈಕ್ರೋಗ್ರಾಂ, ಗರ್ಭಿಣಿಗೆ 250. ಬೆಟ್ಟ ಪ್ರದೇಶಗಳಲ್ಲಿ ಮಳೆ ಮಣ್ಣಿನ ಅಯೋಡಿನ್ ತೊಳೆದು ಒಯ್ಯುತ್ತದೆ. ಆದ್ದರಿಂದಲೇ ಹಿಮಾಲಯದ ತಪ್ಪಲಿನಲ್ಲೂ ನಮ್ಮ ಚಿಕ್ಕಮಗಳೂರು, ಕೊಡಗಿನಲ್ಲೂ ಗಳಗಂಡ ಹೆಚ್ಚು. "ಹೊಳೆ ನೀರಿನ ದೋಷ" ಎಂದ ಹಿರಿಯರು ಪೂರ್ತಿ ತಪ್ಪೇನಲ್ಲ. ದೋಷ ನೀರಿನಲ್ಲಿ ಇದ್ದದ್ದರಿಂದ ಅಲ್ಲ, ಇಲ್ಲದ್ದರಿಂದ ಅಷ್ಟೇ.

ರೋಸಲಿಂಡ್ ಬಳಿಗೆ ಟಾಟಾ ಹೋದ ಅದೇ 1956ರಲ್ಲಿ, ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ ಆಂಧ್ರದ ಶ್ರೀಕಾಕುಳಂ ಮೂಲದ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ದೊಡ್ಡ ಪ್ರಯೋಗ ಆರಂಭಿಸಿದರು. ಸುಮಾರು ಒಂದು ಲಕ್ಷ ಜನರಿದ್ದ ಪ್ರದೇಶವನ್ನು ಮೂರು ವಲಯ ಮಾಡಿ, ಎರಡಕ್ಕೆ ಅಯೋಡಿನ್ ಸೇರಿಸಿದ ಉಪ್ಪು, ನಡುವಿನದಕ್ಕೆ ಮಾಮೂಲಿ ಉಪ್ಪು ಕೊಟ್ಟರು. ಆರು ವರ್ಷಗಳಲ್ಲಿ ಆ ಎರಡು ವಲಯಗಳಲ್ಲಿ ಗಳಗಂಡ ಅರ್ಧದಷ್ಟಕ್ಕೆ ಇಳಿಯಿತು, ನಡುವಿನದರಲ್ಲಿ ಇಳಿಯಲಿಲ್ಲ. ಆಮೇಲೆ ಅಲ್ಲಿಗೂ ಅಯೋಡಿನ್ ಉಪ್ಪು ಹೋಯಿತು. 1962ರಲ್ಲಿ ಸರ್ಕಾರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿತು.

ಆದರೆ ನಮ್ಮ ದೇಶದಲ್ಲಿ ಉಪ್ಪು ಬರೀ ಉಪ್ಪಲ್ಲವಲ್ಲ. 1930ರಲ್ಲಿ ನಮ್ಮ ಅಂಕೋಲೆಯಲ್ಲಿ, ಇಲ್ಲಿ ವೇದಾರಣ್ಯದಲ್ಲಿ ಉಪ್ಪಿಗಾಗಿ ಜೈಲಿಗೆ ಹೋದ ಜನ ನಾವು. ಸರ್ಕಾರ "ಇಂಥದ್ದೇ ಉಪ್ಪು ಮಾರಬೇಕು" ಎಂದಾಗ ಸಣ್ಣ ಉಪ್ಪು ತಯಾರಕರಿಗೆ ನೋವಾದದ್ದು ಸಹಜ. ಆ ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ. 2000ದಲ್ಲಿ ನಿಷೇಧವನ್ನು ತೆಗೆದು, 2006ರ ಮೇ ತಿಂಗಳಿಂದ ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆಂದು ಮಾರುವಂತಿಲ್ಲ ಎಂದು ಮತ್ತೆ ತಂದರು. ಹಟ್ಟಿಯ ಹುಡುಗಿಗೂ ಬಂಗಲೆಯ ಹುಡುಗಿಗೂ ಒಂದೇ ಬೆಲೆಗೆ ತಲುಪುವ ಔಷಧ ಉಪ್ಪು ಬಿಟ್ಟರೆ ಇನ್ಯಾವುದಿದೆ?

ಪಾಂಡಿಚೇರಿಗೆ ಹೋಗುವಾಗ ಈಸಿಆರ್‌ನಲ್ಲಿ ಮರಕ್ಕಾನಂ ಉಪ್ಪಿನ ಗದ್ದೆಗಳನ್ನು ನೀವೆಲ್ಲ ನೋಡಿರುತ್ತೀರಿ. ಉಪ್ಪಿನ ವ್ಯಾಪಾರದ ಮನೆತನದಲ್ಲಿ ಹುಟ್ಟಿ, ಐಐಟಿ ಮದ್ರಾಸಿನಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿದ ವೆಂಕಟೇಶ್ ಮನ್ನಾರ್ ಅವರು ಉಪ್ಪಿಗೆ ಅಯೋಡಿನ್ ಸೇರಿಸುವ ಕೆಲಸವನ್ನು ಹಲವು ದೇಶಗಳಿಗೆ ಒಯ್ದವರು. 2014ರಲ್ಲಿ ತಮಿಳುನಾಡು ಸರ್ಕಾರ ತಂದ "ಅಮ್ಮಾ ಉಪ್ಪು" ನೆನಪಿದೆಯೇ? ಅದರಲ್ಲಿ ಅಯೋಡಿನ್ ಜೊತೆ ಕಬ್ಬಿಣ ಸೇರಿಸಿದ ಬಗೆಯೂ ಇತ್ತು. ನಾನು ದಿನಾ ಆಫೀಸಿಗೆ ಹೋಗುವ ದಾರಿಯಲ್ಲಿ, ತರಮಣಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಮೂಲ ವೈದ್ಯವಿಜ್ಞಾನ ಸಂಸ್ಥೆ ಇದೆ. ಹಾರ್ಮೋನುಗಳಿಗೆಂದೇ ಅಲ್ಲೊಂದು ವಿಭಾಗವಿದೆ. ಎಷ್ಟೋ ವರ್ಷ ಅದರ ಮುಂದೆ ಟ್ರಾಫಿಕ್ಕಿಗೆ ಬೈಯುತ್ತಾ ಹೋಗಿದ್ದೇನೆ, ಒಳಗೆ ನನ್ನದೇ ಗ್ರಂಥಿಯ ಅಧ್ಯಯನ ನಡೆಯುತ್ತಿದೆ ಎಂದು ಗೊತ್ತಿಲ್ಲದೆ!

ಬೆಂಗಳೂರಿನ ನಂಟೂ ಮುಗಿದಿಲ್ಲ. ಟಿ-4ರಿಂದ ಒಂದು ಅಯೋಡಿನನ್ನು ಕಳಚುವ ಕಿಣ್ವದಲ್ಲಿ ಸೆಲೆನಿಯಂ ಇರುತ್ತದೆ. ಆ ಕಿಣ್ವದ ಕೆಲಸವನ್ನು ಅನುಕರಿಸುವ ಅಣುಗಳನ್ನು ವಿಜ್ಞಾನ ಸಂಸ್ಥೆಯ ಪ್ರೊ. ಜಿ. ಮುಗೇಶ್ ಅವರ ತಂಡ ತಯಾರಿಸಿದೆ. ತಮಿಳುನಾಡಿನಲ್ಲಿ ಓದಿ ಬೆಂಗಳೂರಿನಲ್ಲಿ ನೆಲೆಸಿದ ಅವರಿಗೆ 2019ರ ಇನ್ಫೋಸಿಸ್ ಪ್ರಶಸ್ತಿ ಬಂತು. ಒಂದು ಕಾಲದಲ್ಲಿ ಕಮಲಾ ಭಾಗವತ್‌ಗೆ ಬಾಗಿಲು ಮುಚ್ಚಿದ ಅದೇ ಸಂಸ್ಥೆಯಲ್ಲಿ ಇಂದು ಎಷ್ಟೋ ಹುಡುಗಿಯರು ಸಂಶೋಧನೆ ಮಾಡುತ್ತಿದ್ದಾರೆ.

ಕೊನೆಯ ಮಾತು

ಕಳೆದ ವರ್ಷ ನಮ್ಮ ಅತ್ತೆಯವರು ವಾಟ್ಸ್ಆ್ಯಪ್‌ನಲ್ಲಿ ಏನೋ ಓದಿ ಮನೆಯ ಉಪ್ಪನ್ನೆಲ್ಲ ಬದಲಾಯಿಸಿ ಗುಲಾಬಿ ಬಣ್ಣದ ಸೈಂಧವ ಲವಣ ತಂದರು. ಆಗ ನಮ್ಮ ನಾದಿನಿ ಮೂರು ತಿಂಗಳ ಬಸುರಿ. ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳು ಬೆಳೆಯುವುದು ತಾಯಿಯ ಥೈರಾಯ್ಡ್ ಹಾರ್ಮೋನನ್ನೇ ನೆಚ್ಚಿಕೊಂಡು. ನಾನು ಜಗಳ ಮಾಡಲಿಲ್ಲ. ಅತ್ತೆಯವರನ್ನು ಕೂರಿಸಿಕೊಂಡು ದೊಡ್ಡಜ್ಜಿಯ ಫೋಟೋ ತೋರಿಸಿ ಅವರ ಕಥೆ ಹೇಳಿದೆ. ಬಹಳ ಹೊತ್ತು ಫೋಟೋ ನೋಡಿ, "ಪಾಪ, ಎಷ್ಟು ಲಕ್ಷಣವಾಗಿದ್ದಾರೆ" ಎಂದರು. ಮರುದಿನ ಅಂಗಡಿಯಿಂದ ಅಯೋಡಿನ್ ಇರುವ ಕಲ್ಲುಪ್ಪನ್ನೇ ಹುಡುಕಿ ತಂದರು. ಕಲ್ಲುಪ್ಪು ಬೇಕೆಂದರೂ ಅಯೋಡಿನ್ ಸೇರಿಸಿದ್ದು ಸಿಗುತ್ತದೆ, ಪ್ಯಾಕೆಟ್ಟಿನ ಮೇಲೆ ಬರೆದಿರುತ್ತದೆ, ಓದಿ ಕೊಳ್ಳಿ. ನಾದಿನಿಯ ಮಗಳಿಗೆ ಈಗ ಹಲ್ಲು ಬರುತ್ತಿದೆ.

ಹಾಗೆಂದು ಉಪ್ಪೊಂದರಿಂದಲೇ ಎಲ್ಲ ಥೈರಾಯ್ಡ್ ತೊಂದರೆಯೂ ಹೋಗುವುದಿಲ್ಲ. ಇಂದು ನಮ್ಮಂಥ ಅನೇಕರಿಗೆ ಬರುವುದು ದೇಹದ ರಕ್ಷಣಾ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿ ಬೀಳುವುದರಿಂದ. ಅದಕ್ಕೆ ಪರೀಕ್ಷೆ, ವೈದ್ಯರು, ಮಾತ್ರೆ ಬೇಕು. ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಮತ್ತು ಮನೆಯಲ್ಲಿ ಯಾರಾದರೂ ಹೆಣ್ಣುಮಗಳು ಸದಾ ಸುಸ್ತು ಎಂದರೆ, ಸೋಮಾರಿ ಎನ್ನುವ ಮೊದಲು ಒಂದು ರಕ್ತ ಪರೀಕ್ಷೆ ಮಾಡಿಸಿ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ ನಮ್ಮ ಹಿರಿಯರು. ಉಪ್ಪಿನಲ್ಲಿ ರುಚಿಯ ಜೊತೆ ಇನ್ನೇನಿರಬೇಕಿತ್ತು ಎಂದು ದೊಡ್ಡಜ್ಜಿಗೆ ಯಾರೂ ಹೇಳಲಿಲ್ಲ. ನಮಗೆ ಗೊತ್ತಿದೆ, ನಾವು ಹೇಳೋಣ.

ಅರ್ಧ ಗಂಟೆ ಆಯಿತು. ನಾನು ಕಾಫಿಗೆ ಹೊರಟೆ. ಎಲ್ಲರಿಗೂ ಒಳ್ಳೆಯದಾಗಲಿ!